ಮಾಯಾ ಕೊಳದಲ್ಲಿ ಯುಗಾದಿ ಸ್ನಾನ

ಗೈಡ್ ಎಲಿಹಿಯೊ ಮೂರು ತಲೆಗಳನ್ನೂ ಒಂದೊಂದಾಗಿ ಮೂಸಿ ನೋಡಿ, "ಎಣ್ಣೆ ಹಚ್ಚಿಕೊಂಡವರನ್ನು ನೀರಿಗೆ ಬಿಡುವಂತಿಲ್ಲ," ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟುಬಿಟ್ಟ. ಆ ತಲೆಗಳು ಅಮೆರಿಕದ ಅಲ್ಫರೆಟಾದಿಂದ ಮೆಕ್ಸಿಕೋಗೆ ರಜೆಗೆಂದು ಬಂದಿದ್ದ ಸುರೇಶ, ಅವನ ಹೆಂಡತಿ ಮೈಥಿಲಿ ಮತ್ತು ಹದಿಮೂರರ ಮಗಳು ರಚನಾ ಅವರವು. ಬಿಸಿಲಿಗೆ ತೆಳುವಾದ ಹರಳೆಣ್ಣೆ ಮೂವರ ಕಿವಿಯ ಹಿಂದೆಯೂ ಧಾರಾಳವಾಗಿ ಇಳಿಯುತ್ತಿತ್ತು.

ತಪ್ಪು ಮೈಥಿಲಿಯದೇ. ಕೋವಿಡ್ಡಿನಿಂದ ಎರಡು ವರ್ಷ ಮನೆಯಲ್ಲೇ ಕೂತ ಮೇಲೆ ಸಿಕ್ಕ ಮೊದಲ ಪ್ರವಾಸ. ಅದು ಸರಿಯಾಗಿ ಯುಗಾದಿಯ ದಿನವೇ ಬಂದಿತ್ತು. ಹಬ್ಬದ ದಿನ ಎಣ್ಣೆಸ್ನಾನ ತಪ್ಪಿಸುವುದುಂಟೇ? ಬಸ್ಸು ಬೆಳಗಿನ ಜಾವವೇ ಹೊರಡುತ್ತದೆ, ಹೋಟೆಲಿನಲ್ಲಿ ಎಣ್ಣೆ ಹಚ್ಚಿಕೊಂಡು ಹೊರಟರೆ ಮಾಯಾ ಜನರ ಪಿರಮಿಡ್ ನೋಡಿ ಮುಗಿಸುವಷ್ಟರಲ್ಲಿ ಚೆನ್ನಾಗಿ ನೆನೆದಿರುತ್ತದೆ, ಸ್ನಾನಕ್ಕೆ ಹೇಗೂ ಮಧ್ಯಾಹ್ನ ಕೊಳವೇ ಇದೆಯಲ್ಲ! ಈ ಉಪಾಯ ಹೊಳೆದದ್ದಕ್ಕೆ ಅವಳು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು.

"ಅಲ್ಲಾಡ್ಬೇಡ ಕಣೇ, ಕಣ್ಣಿಗೆ ಹೋಗತ್ತೆ," ಎಂದು ಮಗಳನ್ನು ಎರಡು ಮೊಣಕಾಲಿನ ನಡುವೆ ಹಿಡಿದು ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟಿದ್ದೇ ತಟ್ಟಿದ್ದು. ರಚನಾ ಮಾತ್ರ ಕೊಸರಿಕೊಂಡು ಎದ್ದು, "ಅಮ್ಮ, ಇದು ಲಾಸ್ಟ್ ಟೈಮ್. ಡೋಂಟ್ ಟಚ್ ಮೈ ಹೇರ್ ಎವರ್ ಅಗೇನ್," ಎಂದಿದ್ದಳು. ಮೈಥಿಲಿ ನಕ್ಕಿದ್ದಳು, ಆದರೆ ಆ ಮಾತು ಚುಚ್ಚಿತ್ತು. ಪಿರಮಿಡ್ಡಿನ ಮುಂದೆ ಎಲ್ಲರೂ ಚಪ್ಪಾಳೆ ತಟ್ಟಿದಾಗ ಆ ಕಲ್ಲುಮೆಟ್ಟಿಲುಗಳು ಹಕ್ಕಿಯ ಹಾಗೆ ಚಿಲಿಪಿಲಿ ಎಂದು ಪ್ರತಿಧ್ವನಿ ಕೊಟ್ಟಿದ್ದವು. ಸುರೇಶ ಕೈ ಕೆಂಪಾಗುವವರೆಗೆ ತಟ್ಟಿದ. ರಚನಾ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ನಿಂತಿದ್ದಳು.

ಈಗ ಕೆಳಗೆ, ನೆಲ ಕುಸಿದು ಉಂಟಾದ ದೊಡ್ಡ ಬಾವಿಯಂಥ ಕೊಳ, ಇಲ್ಲಿನವರ ಮಾತಿನಲ್ಲಿ ಸೆನೋಟೆ, ನೀಲಿಯಾಗಿ ಹೊಳೆಯುತ್ತಿತ್ತು. ಬಸ್ಸಿನವರು ಧುಮುಕುವ ಸದ್ದು ಮೇಲಕ್ಕೆ ಕೇಳುತ್ತಿತ್ತು. ಚಳಿಗಾಲದಿಂದಲೂ ಇದರ ವಿಡಿಯೋಗಳನ್ನೇ ನೋಡುತ್ತಿದ್ದ ಹುಡುಗಿಯ ಕಣ್ಣು ತುಂಬಿ ಬಂತು. "ಯೂ ರೂಯಿನ್ಡ್ ಇಟ್," ಎಂದಳು.

ಮೈಥಿಲಿ ಅಲ್ಲೇ ಇದ್ದ ಶವರಿನ ಕೆಳಗೆ ಮಗಳನ್ನು ನಿಲ್ಲಿಸಿದರೆ ನೀರು ಎಣ್ಣೆಯ ಮೇಲೆ ಜಾರಿ ಹೋಯಿತು. "ಶಾಂಪೂ ಹಾಕಲೇ?" ಎಂದು ಕೇಳಿದ್ದಕ್ಕೆ ಎಲಿಹಿಯೊ ಎರಡೂ ಕೈ ಮುಗಿದುಬಿಟ್ಟ. "ಈ ನೀರಿಗೆ ಅದೂ ಆಗದು, ಸೆನ್ಯೋರಾ."

ಮೈಥಿಲಿ ಸುತ್ತ ನೋಡಿದಳು. ಊಟದ ಚಪ್ಪರದಡಿ ಒಬ್ಬ ಅಜ್ಜಿ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದಳು. ಪಕ್ಕದಲ್ಲಿ ಒಣಹಿಟ್ಟಿನ ಗುಡ್ಡೆ. ಕಡಲೆಹಿಟ್ಟು ಇಲ್ಲದಿದ್ದರೇನಂತೆ! ಭಾಷೆ ಬಾರದ ಮೈಥಿಲಿ ಹಿಟ್ಟು ತೋರಿಸಿದಳು, ತಲೆ ತೋರಿಸಿದಳು, ಗಸಗಸ ತಿಕ್ಕುವ ಅಭಿನಯ ಮಾಡಿದಳು. ಅಜ್ಜಿ ಎದ್ದು ಬಂದು ರಚನಾಳ ಕೂದಲನ್ನು ಬೆರಳಲ್ಲಿ ಮುಟ್ಟಿ ನೋಡಿ, ಮೂಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೋರೆಬುರುಡೆಯ ತುಂಬ ಹಿಟ್ಟು ಸುರಿದು ಕೊಟ್ಟಳು.

ಮೊದಲು ಮಗಳ ತಲೆ. ಆಮೇಲೆ ಗಂಡನದು.

"ಲೇ, ಎಲ್ರೂ ನೋಡ್ತಿದಾರೆ ಕಣೇ," ಎಂದು ಸುರೇಶ ಮುಜುಗರಪಟ್ಟ.

"ನೋಡ್ಲಿ ಬಿಡಿ. ತಲೆ ಬಗ್ಸಿ."

ಎಲಿಹಿಯೊ ಮತ್ತೆ ಬಂದು ಎರಡು ತಲೆಗಳನ್ನೂ ಮೂಸಿ, ಗಂಭೀರವಾಗಿ, "ಈಗ ಬರೀ ರೊಟ್ಟಿಯ ವಾಸನೆ. ಇಳಿಯಿರಿ," ಎಂದ. ಅಪ್ಪ ಮಗಳು ಮೆಟ್ಟಿಲಿಳಿದು ಓಡಿದರು. "ಅಮ್ಮಾ! ಇಟ್ಸ್ ಸೋ ಕೋಲ್ಡ್!" ಎಂಬ ಕಿರುಚಾಟ ಕೊಳದ ಗೋಡೆಗಳಿಗೆಲ್ಲ ಬಡಿದು ಮೇಲೆ ಬಂದಾಗ ಮೈಥಿಲಿಗೆ ಹಬ್ಬ ಈಗ ಬಂದಂತೆ ಅನಿಸಿತು.

ಅವಳು ತನ್ನ ಜಡೆ ಬಿಚ್ಚುವುದರೊಳಗೆ ಹಿಂದಿನಿಂದ ಯಾರೋ ಕೆಮ್ಮಿದರು. ಮೈತುಂಬ ಸನ್‌ಸ್ಕ್ರೀನ್ ಬಳಿದುಕೊಂಡದ್ದಕ್ಕೆ ಎಲಿಹಿಯೊ ತಡೆದಿದ್ದ, ಅಮೆರಿಕದ ರಾಲಿ ಎಂಬ ಊರಿನ ಹೆಂಗಸೊಬ್ಬಳು ತೋಳು ಚಾಚಿ ನಿಂತಿದ್ದಳು. ಅವಳ ಹಿಂದೆ ಅವಳ ತಂಗಿ. ತಂಗಿಯ ಹಿಂದೆ ಒಬ್ಬ ಆಜಾನುಬಾಹು. ಅವನ ತಲೆಯಲ್ಲಿ ಎಣ್ಣೆಯೂ ಇರಲಿಲ್ಲ, ಕೂದಲೂ ಇರಲಿಲ್ಲ; ಆದರೂ ಭಕ್ತಿಯಿಂದ ಬಗ್ಗಿ ನಿಂತ. ಮೈಥಿಲಿ ಅವನ ಬೋಳುತಲೆಗೂ ಒಂದು ಹಿಡಿ ಹಿಟ್ಟು ತಿಕ್ಕಿ, "ನೂರ್ಕಾಲ ಬಾಳಪ್ಪ," ಎಂದು ಕನ್ನಡದಲ್ಲೇ ಹರಸಿ ಕಳಿಸಿದಳು.

ಎಲ್ಲರೂ ಇಳಿದು ಹೋದರು. ಬುರುಡೆಯ ತಳದಲ್ಲಿ ಒಂದಿಷ್ಟು ಹಿಟ್ಟು ಉಳಿದಿತ್ತು. ತೋಳು ಸೋತು ಹೋಗಿದ್ದ ಮೈಥಿಲಿ, ತನ್ನದು ಹೇಗಿದ್ದರೂ ನಡೆಯುತ್ತದೆ, ದಡದಲ್ಲೇ ಕೂತು ನೋಡಿದರಾಯಿತು ಎಂದುಕೊಂಡು ಮತ್ತೆ ಜಡೆ ಸುತ್ತತೊಡಗಿದಳು.

ಒದ್ದೆ ಕೈಯೊಂದು ಬುರುಡೆಯನ್ನು ಕಿತ್ತುಕೊಂಡಿತು. ರಚನಾ ನಡುಗುತ್ತ, ಹಲ್ಲು ಕಟಕಟಿಸುತ್ತ ನಿಂತಿದ್ದಳು. ಏದುಸಿರು ಬೇರೆ, ನೀರಿನಿಂದೆದ್ದು ಅಷ್ಟೂ ಮೆಟ್ಟಿಲು ಹತ್ತಿ ಬಂದಿದ್ದಳು.

"ಯುವರ್ ಟರ್ನ್, ಅಮ್ಮ. ಕೂತ್ಕೋ."

"ಬೇಡ ಬಿಡೇ. ನೀನ್ ಹೋಗಿ ಈಜು."

"ಕೂತ್ಕೋ!"

ಮೈಥಿಲಿ ಶವರಿನ ಕೆಳಗಿನ ಕಲ್ಲಿನ ಮೇಲೆ ಕೂತಳು. ಮದುವೆಯಾದ ಮೇಲೆ ಅವಳ ತಲೆಯನ್ನು ಯಾರೂ ತಿಕ್ಕಿರಲಿಲ್ಲ. ಆ ಪುಟ್ಟ ತಣ್ಣನೆಯ ಬೆರಳುಗಳು ಕೂದಲೊಳಗೆ ಇಳಿದದ್ದೇ ತಡ, ಅವಳ ಹೆಗಲು ತಡೆಯಲಾರದೆ ಅಲುಗತೊಡಗಿತು. ನಗುವೋ ಅಳುವೋ ಅವಳಿಗೇ ತಿಳಿಯದು.

ಮಗಳು ಮೊಣಕಾಲುಗಳ ನಡುವೆ ಅವಳನ್ನು ಬಿಗಿಯಾಗಿ ಹಿಡಿದು, ತನ್ನ ಅಮೆರಿಕನ್ ಕನ್ನಡದಲ್ಲಿ ಗದರಿದಳು:

"ಅಲ್ಲಾಡ್ಬೇಡ ಕಣೇ. ಕಣ್ಣಿಗೆ ಹೋಗತ್ತೆ."