ಕೆಂಪು ಗಾಡಿಯ ಎಣ್ಣೆ ಹನಿ

"ಸೋರೂದು ನಿಲ್ಲಸಬ್ಯಾಡ್ರಿ," ಎಂದಳು ಮಲ್ಲಾಬಾಯಿ. ಹೇಳುವ ಮೊದಲು ರಸ್ತೆಯ ಎರಡೂ ಕಡೆ ನೋಡಿಕೊಂಡಳು.

ಖಾಜಾಮಿಯಾ ಗಾಡಿಯ ಕೆಳಗಿನಿಂದ ಸರಿದು ಹೊರಬಂದ. ಶಹಾಪುರದಲ್ಲಿ ಗ್ಯಾರೇಜು ಇಟ್ಟಾಗಿನಿಂದ ಇಂಥ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ.

"ಎಣ್ಣಿ ಸುಮ್ನ ದಂಡ ಆಗ್ತದಲ್ರಿ ಅಕ್ಕಾರ."

"ಆಗ್ಲಿ. ದಿನಾ ಮುಂಜಾನಿ ನಾನೇ ಡಬ್ಬಿಲೆ ಹಾಕ್ತೀನಿ. ನೀವು ಕ್ಲಚ್ಚಿನ ವೈರಷ್ಟ ಹಾಕಿ ಕೊಡ್ರಿ."

"ಸಾಹೇಬ್ರಿಗಿ ಇದು ಗೊತ್ತದೇನ್ರಿ?"

"ನಾ ಬಂದಿದ್ದು ಅವರಿಗಿ ಹೇಳಬ್ಯಾಡ್ರಿ. ಮಂದಿಗಂತೂ ಮೊದಲೇ ಬ್ಯಾಡ. ಮನಿ ಮರ್ಯಾದಿ ಅದ." ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. "ಹೊರಗ ಹೋಗೂದು ಬಿಡಸ್ಲಾಕ ನನ್ನ ಕೈಲಿ ಆಗಿಲ್ಲ. ಎಲ್ಲಿ ಹೋಗ್ಯಾರ ಅನ್ನೂದಾದ್ರೂ ತಿಳೀಬೇಕಲ್ರಿ."

ಆ ಗಾಡಿ ಊರಿಗೆಲ್ಲ ಗೊತ್ತಿತ್ತು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಅಂಟಿದಂಥ ಮೈ. ಎಂಜಿನ್ ಹಿಂದಿತ್ತು, ನೀರು ಬೇಡದ, ಗಾಳಿಗೇ ತಣ್ಣಗಾಗುವ ಎಂಜಿನ್. ಕಾಲುವೆ ಕೆಲಸಕ್ಕೆ ಬಂದಿದ್ದ ಪರದೇಶದ ಎಂಜಿನಿಯರ್ ತಿರುಗಿ ಹೋಗುವಾಗ ಅದನ್ನು ಮಲ್ಲಾಬಾಯಿಯ ಗಂಡ ಓವರ್‌ಸಿಯರ್ ಅಮಾತೆಪ್ಪನವರಿಗೆ ಬಿಟ್ಟುಹೋಗಿದ್ದ. ಕಾಲುವೆಗೆ ನೀರು ಬಂತು. ಅಮಾತೆಪ್ಪ ನಿವೃತ್ತರಾದರು. ಗಾಡಿ ಸೋರತೊಡಗಿತು.

ದಿನವೂ ಮುಂಜಾನೆ ಅವರು ಗಾಡಿ ಹೊರಡಿಸುತ್ತಿದ್ದರು. ಮನೆಯ ಬಾಗಿಲಿನಿಂದ ಹಿಡಿದು ಕಾಲುವೆಯಾಚೆಯ ಸುರಪುರದ ರಸ್ತೆಯವರೆಗೂ ಕರಿ ಹನಿಗಳ ಸಾಲು ಬೀಳುತ್ತಿತ್ತು. ರಾತ್ರಿಯೊಳಗೆ ಲಾರಿಗಳ ಓಡಾಟಕ್ಕೆ, ಧೂಳಿಗೆ ಅದು ಅಳಿಸಿಹೋಗುತ್ತಿತ್ತು. ಹೋದ ದಾರಿಯಲ್ಲೇ ವಾಪಸು ಬರುವುದು ಅವರ ಪದ್ಧತಿ. ಸಮೀಪದ ದಾರಿ ಇದ್ದರೂ ಹಿಡಿಯುತ್ತಿರಲಿಲ್ಲ. ರಸ್ತೆ ಕವಲೊಡೆಯುವ ಕಡೆಗಳಲ್ಲೆಲ್ಲ ಗಾಡಿ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ, ಮತ್ತೆ ಹತ್ತುತ್ತಿದ್ದರು. ಹೆಂಡತಿಗಿಂತ ಗಾಡಿಯ ಮೇಲೆ ಜೀವ, ಎಂದು ಮಂದಿ ನಗುತ್ತಿದ್ದರು.

ಮಲ್ಲಾಬಾಯಿ ಹೋದ ಮೇಲೆ ಎದುರಿನ ಚಹಾದಂಗಡಿಯ ಲಾಲಪ್ಪ ಗ್ಲಾಸು ಹಿಡಿದು ಬಂದ.

"ಸುರಪುರ ಕಡಿ ಯಾರೋ ಒಬ್ಬಾಕಿ ಇರಬೇಕು," ಎಂದ. "ಎಲ್ಲಿ ಹೋಗಿದ್ರಿ ಸಾಹೇಬ್ರ ಅಂತ ಮೊನ್ನಿ ಕೇಳ್ದೆ. ನೆನಪಿಲ್ಲಪಾ ಅಂದ್ರು. ಗಂಡಸ್ರಿಗಿ ಅದೊಂದು ಮಾತ್ರ ನೆನಪಿರಲ್ಲ ನೋಡು."

ಖಾಜಾಮಿಯಾ ನಗಲಿಲ್ಲ. ಹಿಂದಿನ ದಿನ ಗಾಡಿ ಬಿಡಲು ಬಂದ ಅಮಾತೆಪ್ಪ, "ಈ ಗ್ಯಾರೇಜ್ ಹೊಸದಾಗಿ ಹಾಕೀಯೇನು?" ಎಂದು ಗಂಭೀರವಾಗಿ ಕೇಳಿದ್ದರು. ಗ್ಯಾರೇಜು ಕಾಲುವೆಗಿಂತ ಹಳೆಯದು. ಮುಖ ಸಡಿಲಿಸದೆ ಚೇಷ್ಟೆ ಮಾಡುವುದು ಸಾಹೇಬರ ಹಳೆಯ ಗತ್ತು ಎಂದುಕೊಂಡು ಅವನು ಆಗ ನಕ್ಕಿದ್ದ. ಎಣ್ಣೆಯನ್ನೂ ನಿಲ್ಲಿಸಲೇ ಎಂದು ಕೇಳಿದಾಗ, "ಅದಕ್ಕ ಕೈ ಹಚ್ಚಬ್ಯಾಡ," ಎಂದಿದ್ದರು. ಅಷ್ಟರಲ್ಲಿ ಮಲ್ಲಾಬಾಯಿ ಬೆನ್ನ ಹಿಂದೆಯೇ ಬಂದು ಅವರನ್ನು ಕರೆದುಕೊಂಡು ಹೋಗಿದ್ದಳು. ನಡೆದು ಹೊರಟರೆ ಒಂದು ಗಳಿಗೆಯೂ ಒಬ್ಬರನ್ನೇ ಬಿಡದ ಹೆಂಗಸು.

ಪಾಪ, ತನ್ನ ಗಾಡಿಯೇ ತನ್ನ ಮೇಲೆ ಚಾಡಿ ಹೇಳುತ್ತಿದೆ ಎಂಬುದು ಮನುಷ್ಯನಿಗೆ ಗೊತ್ತಿಲ್ಲ.

ಖಾಜಾಮಿಯಾ ಸ್ವತಃ ಹೆಂಡತಿ ಮದೀನಾಬೀಗೆ ಸುಳ್ಳು ಹೇಳಿ ಇಸ್ಪೀಟಿಗೆ ಹೋಗುವ ಗಂಡ. ಅವನು ಕ್ಲಚ್ಚಿನ ವೈರು ಹಾಕಿದ. ಆಮೇಲೆ ಮತ್ತೆ ಗಾಡಿಯ ಕೆಳಗೆ ಸರಿದ.

ಎಂಜಿನ್ನಿನ ತಳದಲ್ಲಿ ಎಣ್ಣೆ ಇಳಿದು ಬರುವ ನಳಿಗೆಗಳಿದ್ದವು. ಅವುಗಳ ತುದಿಯ ರಬ್ಬರ್ ಉಂಗುರಗಳು ಬಿಸಿಗೆ ಬೆಂದು ಬಳೆಯ ಚೂರಿನಂತಾಗಿದ್ದವು. ಡೀಸೆಲ್ ಪಂಪುಗಳಿಗೆಂದು ತರಿಸಿಟ್ಟ ಉಂಗುರಗಳಲ್ಲಿ ಹೊಂದುವಂಥವನ್ನು ಆರಿಸಿ ಕೂರಿಸಿದ. ಮುಚ್ಚಳಗಳಿಗೆ ಹೊಸ ಪ್ಯಾಕಿಂಗ್ ಕತ್ತರಿಸಿ ಹಾಕಿದ. ಸೀಮೆಎಣ್ಣೆಯಿಂದ ತಳ ತೊಳೆದು, ಒರೆಸಿ, ಮದೀನಾಬೀಯ ಮುಖದ ಪೌಡರು ಉದುರಿಸಿದ. ಎಲ್ಲಾದರೂ ಜಿನುಗಿದರೆ ಬಿಳಿಯ ಮೇಲೆ ಕಾಣಲೇಬೇಕು. ಎಂಜಿನ್ ಕಾಯುವವರೆಗೆ ಓಡಿಸಿ ತಂದು ನಿಲ್ಲಿಸಿದ. ಪೌಡರು ಹಚ್ಚಿದ ಹಾಗೇ ಇತ್ತು. ಕೆಳಗೆ ಹಾಸಿದ ಪೇಪರಿನ ಮೇಲೆ ಒಂದು ಕಲೆಯಿಲ್ಲ. ಇಂಥ ಕೆಲಸವನ್ನು ಯಾರಿಗೂ ಹೇಳುವಂತಿಲ್ಲವಲ್ಲ ಎಂಬುದಷ್ಟೇ ಅವನ ಸಂಕಟ.

ಮರುದಿನ ಮುಂಜಾನೆ ಗಂಡ ಹೆಂಡತಿ ಇಬ್ಬರೂ ಬಂದರು. ಮಲ್ಲಾಬಾಯಿ ಡಬ್ಬಿಯಿಂದ ಎಣ್ಣೆ ಸುರಿದು, ಖಾಜಾಮಿಯಾನ ಹತ್ತಿರ ಬಂದು ನಿಂತಳು.

"ಹೇಳಿದಂಗ ಮಾಡೀರಲ್ಲ?"

"ಹೌದ್ರಿ ಅಕ್ಕಾರ."

"ನಿಮ್ಮ ಮ್ಯಾಲ ಭರೋಸಾ ಇಟ್ಟೀನಿ ಮತ್ತ."

ಅಮಾತೆಪ್ಪ ಅಲ್ಲಿಂದಲೇ ಗಾಡಿ ಹೊರಡಿಸಿದರು. ಅವಳು ಮನೆಯ ಕಡೆ ನಡೆದಳು. ಖಾಜಾಮಿಯಾ ರಸ್ತೆಗಿಳಿದು ನೋಡಿದ. ಗಾಡಿ ಹೋದ ದಾರಿ ಕನ್ನಡಿಯಂತೆ ಸ್ವಚ್ಛವಾಗಿತ್ತು.

ಸಂಜೆ, ಕಾಲುವೆ ದಂಡೆಯ ಪಂಪೊಂದನ್ನು ರಿಪೇರಿ ಮಾಡಿ ಅವನು ಸ್ಕೂಟರಿನಲ್ಲಿ ಬರುತ್ತಿದ್ದ. ಸೇತುವೆಯ ಹತ್ತಿರ ರಸ್ತೆ ಮೂರಾಗುವಲ್ಲಿ ಕೆಂಪು ಗಾಡಿ ನಿಂತಿತ್ತು, ಬಾಗಿಲು ತೆರೆದೇ ಇತ್ತು. ಆ ಕಾಲುವೆಯನ್ನು ಮಾರುಮಾರು ಅಳೆದು ಗುರುತು ಹಾಕಿದ ಅಮಾತೆಪ್ಪ ರಸ್ತೆಯ ನಡುವೆ ಕುಕ್ಕರಗಾಲಲ್ಲಿ ಕೂತು ಡಾಂಬರಿನ ಮೇಲೆ ಅಂಗೈ ಆಡಿಸುತ್ತಿದ್ದರು. ಎದುರಿಗೇ ಶಹಾಪುರದ ಮಲಗಿದ ಬುದ್ಧನ ಗುಡ್ಡ ಕಾಣುತ್ತಿತ್ತು.

ಖಾಜಾಮಿಯಾನಿಗೆ ಇನ್ನು ತಡೆಯಲಾಗಲಿಲ್ಲ. ಸ್ಕೂಟರ್ ನಿಲ್ಲಿಸಿ, "ಎಷ್ಟ ಹುಡುಕಿದ್ರೂ ಒಂದ ಹನಿ ಸಿಗಲ್ರಿ ಸಾಹೇಬ್ರ," ಎಂದ.

ಅಮಾತೆಪ್ಪ ತಲೆಯೆತ್ತಿ ಅವನನ್ನು ಹೊಸಬನನ್ನು ನೋಡುವಂತೆ ನೋಡಿದರು.

"ಹೌದು ನೋಡು ತಮ್ಮಾ, ಒಂದ ಹನಿನೂ ಇಲ್ಲ. ಇನ್ನ ನಾ ಮನಿಗಿ ಹ್ಯಾಂಗ ಹೋಗ್ಲಿ?"