ಕಾರಿಗೆ ಕಚ್ಚಾ ಹೊಲಿಗೆ

ತಾರಸಿಯ ಮೇಲೆ ಯಾರೋ ಫೈಬರ್ ಟ್ಯಾಂಕಿಗೆ ತೇಪೆ ಹಾಕುತ್ತಿದ್ದಾರೆ. ಅದಕ್ಕೆ ಬಳಿಯುವ ರೆಸಿನ್ ಅಂಟಿನ ಘಾಟು ನನ್ನನ್ನು ಕುಮಾರಸ್ವಾಮಿ ಲೇಔಟಿನ ನಮ್ಮ ಹಳೆಯ ಪೋರ್ಟಿಕೋಗೆ ಕರೆದೊಯ್ಯುತ್ತಿದೆ.

ಅಪ್ಪ ಅಲ್ಲಿ ತಾವೇ ಒಂದು ಕಾರು ಕಟ್ಟುತ್ತಿದ್ದರು. ಅದಕ್ಕೆ ಜಾಗ ಮಾಡಲು ಅಮ್ಮನ ಹೊಲಿಗೆ ಮೆಷಿನ್ನನ್ನು ಒಳಗಿನ ಕತ್ತಲೆ ಕೋಣೆಗೆ ಸಾಗಿಸಿದ ದಿನದಿಂದ ಅಮ್ಮ ಅವರೊಡನೆ ಮಾತು ಬಿಟ್ಟಿದ್ದಳು. "ಊಟಕ್ಕೆ ಬರ್ಬೇಕಂತೆ ಅಂತ ಹೇಳು," ಎಂದು ನನಗೆ ಹೇಳುತ್ತಿದ್ದಳು. ಪಕ್ಕದಲ್ಲೇ ನಿಂತಿದ್ದ ಅಪ್ಪನಿಗೆ ನಾನು ಅದನ್ನೇ ಮತ್ತೆ ಹೇಳುತ್ತಿದ್ದೆ.

ಆ ಮಧ್ಯಾಹ್ನ ಕಾರಿನ ಪಕ್ಕಕ್ಕೆ ಕೂರಿಸಬೇಕಿದ್ದ ಫೈಬರ್ ಪ್ಯಾನೆಲನ್ನು ನಾನು ಎತ್ತಿ ಹಿಡಿದಿದ್ದೆ. ಒಳಮೈಯ ಗಾಜಿನ ಎಳೆಗಳು ಚುಚ್ಚಿ ಮೊಣಕೈಯೆಲ್ಲ ನವೆಯಾಗುತ್ತಿತ್ತು. ಅಪ್ಪ ಮುಂದಿನ ಬೋಲ್ಟ್ ಬಿಗಿ ಮಾಡಿದರೆ ಹಿಂದಿನ ತೂತು ಬೆರಳಗಲ ಸರಿದುಬಿಡುತ್ತಿತ್ತು. ಮೂರನೆಯ ಸಲ ಹಠದಿಂದ ಸ್ಪ್ಯಾನರ್ ತಿರುಗಿಸಿದಾಗ ಪ್ಯಾನೆಲ್ ಚಿರ್ ಎಂದಿತು.

ಒಳಗೆ ಮೆಷಿನ್ನಿನ ಸದ್ದು ನಿಂತಿತು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಅಮ್ಮ ಹೊಸ್ತಿಲಿಗೆ ಬಂದಳು.

"ರವಿಕೆಗೆ ತೋಳು ಕೂರ್ಸೋವಾಗ ನಾವು ಮೊದ್ಲೇ ಗಟ್ಟಿ ಹೊಲಿಯಲ್ಲ. ಸುತ್ತ ಕಚ್ಚಾ ಹೊಲಿಗೆ ಹಾಕ್ಕೋತೀವಿ. ಹಾಗೇ ಎಲ್ಲಾ ಬೋಲ್ಟೂ ಸಡಿಲವಾಗಿ ಹಾಕ್ಕೊಳ್ಳಿ. ಪ್ಯಾನೆಲ್ ಸರಿಯಾಗಿ ಕೂತ ಮೇಲೆ ಒಂದೊಂದಾಗಿ ಬಿಗಿ ಮಾಡಿ."

ನಾನು ಅಭ್ಯಾಸಬಲದಿಂದ ತಿರುಗಿದೆ. "ಅಪ್ಪಾ, ಅಮ್ಮ ಹೇಳ್ತಿದಾಳೆ..."

"ಕೇಳಿಸ್ತು," ಎಂದರು ಅಪ್ಪ. ಬಿಗಿ ಮಾಡಿದ್ದ ಬೋಲ್ಟನ್ನು ಸಡಿಲಿಸುತ್ತಾ, ತಲೆ ಎತ್ತದೆ ಅಮ್ಮನನ್ನೇ ಕೇಳಿದರು: "ಆ ಕಡೆ ನೀನು ಹಿಡ್ಕೋತೀಯಾ?"

ಅಮ್ಮ ಟೇಪನ್ನು ನನ್ನ ಕೊರಳಿಗೆ ಹಾಕಿ, ಪ್ಯಾನೆಲನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅವರಿಬ್ಬರ ನಡುವೆ ನನಗೆ ಇನ್ನೇನೂ ಕೆಲಸ ಉಳಿದಿರಲಿಲ್ಲ.