ಸಿದ್ದಕ್ಕ ಕಣ್ಣು ಬಿಟ್ಟ ಫೋಟೋ

"ಮೂವತ್ತೊಂದು, ಮೂವತ್ತೆರಡು..." ಐಮಂಗಲದ ಕುರಿರೊಪ್ಪದ ಬಾಗಿಲಲ್ಲಿ ನಿಂತ ಸಿದ್ದಕ್ಕ, ಮೇಯಲು ಹೊರಟ ಕುರಿಗಳನ್ನು ಎಣಿಸುತ್ತಿದ್ದಳು. ಎದುರಿಗೆ ಮೊಮ್ಮಗಳು ಮೇಘಶ್ರೀ, ಇದ್ದುದರಲ್ಲೇ ಅಗ್ಗದ ಹೊಸ ಡಿಎಸ್‌ಎಲ್‌ಆರ್ ಕ್ಯಾಮೆರಾ ಹಿಡಿದು ಕುಂತಿದ್ದಳು. ಮದುವೆ ಫೋಟೋದಿಂದ ವೋಟರ್ ಕಾರ್ಡಿನವರೆಗೆ ಎಲ್ಲದರಲ್ಲೂ ಅಜ್ಜಿಯ ಕಣ್ಣು ಮುಚ್ಚಿಯೇ ಇದ್ದವು. "ಹೆಣದಂಗೆ ಕಾಣ್ತೀನಿ. ಇದೊಂದೇ ಸಲ, ಆಮೇಲೆ ನನ್ನ ಫೋಟೋ ಸುದ್ದಿ ಎತ್ತಬ್ಯಾಡ" ಅಂದಿದ್ದಳು.

"ಪ್ಲಾಸ್ಟಿಕ್ ಡಬ್ಬಿ ಕಣೇ ಅದು! ಮನೆಯೊಳಗೆ ತೆಗೆದ್ರೆ ಮಕದ ಮ್ಯಾಲೆ ರಾಗಿ ಚೆಲ್ದಂಗೆ ಬರ್ತೈತೆ" ಅಂತ ಸೋದರಮಾವ ಮಾರುತೇಶ್ ಬೇಲಿಯಾಚೆಯಿಂದ ಕಿಚಾಯಿಸಿದ. ಅವನು ಹೇಳಿದ್ದು ನಿಜವೇ, ಬೆಳಕು ಕಮ್ಮಿಯಾದರೆ ಆ ಕ್ಯಾಮೆರಾದ ಫೋಟೋ ತುಂಬ ಚುಕ್ಕಿ ಚುಕ್ಕಿ. ಫ್ಲ್ಯಾಶ್ ಹಾಕಿದರೋ, ಅಜ್ಜಿ ಕಣ್ಣು ಮುಚ್ಚುತ್ತಾಳೆ. ಅದಕ್ಕೇ ಮೇಘಶ್ರೀ ಬೆಳಗಿನ ಬಿಸಿಲಿಗೆ, ಎಣಿಕೆಯ ಹೊತ್ತಿಗೇ ಬಂದಿದ್ದಳು. ಕುರಿ ಎಣಿಸುವಾಗ ಸಿದ್ದಕ್ಕ ರೆಪ್ಪೆ ಬಡಿಯುವುದಿಲ್ಲ, ಬಡಿದರೆ ಒಂದು ಕುರಿ ತಪ್ಪುತ್ತದೆ. ಒತ್ತಿದ ತಕ್ಷಣ ಕ್ಲಿಕ್ಕಾಗುವುದೊಂದು ಆ ಡಬ್ಬಿಯ ದೊಡ್ಡ ಗುಣ. ಒತ್ತಿದಳು.

ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯನ್ನು ಸಿದ್ದಕ್ಕ ಬಗ್ಗಿ ನೋಡಿದಳು. "ಅಯ್ಯಯ್ಯ, ಇಷ್ಟು ದೊಡ್ಡ ಕಣ್ಣೇನೇ ನಂದು!" ನಗುವಿನಲ್ಲಿ ಎಣಿಕೆ ಮರೆತೇ ಹೋಯಿತು. "ಲೇ ಮಾರುತೇಶಾ, ಕುರಿನೆಲ್ಲಾ ಮತ್ತೆ ಒಳಗೆ ಹೊಡಿಯೋ, ಮೊದ್ಲಿಂದ ಎಣಿಸ್ತೀನಿ. ಮೇಘೀ, ನೀನು ಇನ್ನೊಂದು ತಗಿಯೇ!"